ಮಳೆಗಾಲ ಕಳೆದವರೇ ಊರಿನವರು

ದೇವರಾಜೇಗೌಡರ ಮುಖ ಸಭೆಯ ನಡುವೆ ಕಪ್ಪಿಡುವುದನ್ನು ಕಣ್ಣಾರೆ ನೋಡಬೇಕು ಎಂಬ ಒಂದೇ ಆಸೆಯಿಂದ ಪವಿತ್ರಾ ಶಾಲೆಯ ಜಗಲಿಗೆ ಬಂದಿದ್ದಳು. ಒಳ್ಳೆಯ ಆಸೆಯಲ್ಲ, ಒಪ್ಪೋಣ. ಆದರೆ ಹೋದ ಕಾಫಿ ಕೊಯ್ಲಿನಲ್ಲಿ ಅವಳ ತಾಯಿ ಎದೆನೋವಿನಿಂದ ಪ್ರಾಣ ಬಿಟ್ಟದ್ದು ಇದೇ ಗೌಡರ ಎಸ್ಟೇಟ್ ಗೇಟಿನ ಮುಂದೆ. ಕಳಸದ ಆಸ್ಪತ್ರೆಗೆ ಹತ್ತಿರದ ದಾರಿ ಅದೊಂದೇ. ಬೀಗ ತೆಗೆಸಿ ಎಂದು ಫೋನಿನಲ್ಲಿ ಅಂಗಲಾಚಿದರೆ, "ಒಂದ್ಸಲ ಬಿಟ್ರೆ ಅದೇ ರೋಡಾಗ್ತದೆ ಕಣಮ್ಮ" ಎಂದು ಗೌಡರು ಫೋನಿಟ್ಟಿದ್ದರು.

ಮೂಡಿಗೆರೆಯಿಂದ ಒಡೆದು ಕಳಸ ಬೇರೆ ತಾಲ್ಲೂಕಾದಾಗಿನಿಂದ ಅವರ ಊರು ಮೇಲ್ಹಕ್ಲು ಅತ್ತಲೋ ಇತ್ತಲೋ ಎಂಬುದು ಇತ್ಯರ್ಥವಾಗಿರಲಿಲ್ಲ. ರಸ್ತೆ ಕೇಳಲು ಹೋದವರನ್ನು ಎರಡೂ ಕಡೆಯ ಕಚೇರಿಗಳು ಚೆಂಡಿನಂತೆ ಅತ್ತಿಂದಿತ್ತ ಒದ್ದಿದ್ದವು. ಕೊನೆಗೆ ಊರವರೇ ಕೈ ಎತ್ತಿ ಹೇಳಲಿ ಎಂದಾಗಿ, ಬರೆದುಕೊಳ್ಳಲು ಗುಮಾಸ್ತರೊಬ್ಬರು ಬಂದಿದ್ದರು. ಕಳಸಕ್ಕೆ ಸೇರಿದರೆ ಗೌಡರ ತೋಟದ ನಡುವೆ ಪಂಚಾಯಿತಿ ರಸ್ತೆ. ಮೂಡಿಗೆರೆಯಲ್ಲೇ ಉಳಿದರೆ ಗೇಟಿಗೆ ಬೀಗ.

"ನಮ್ಮ ನೆಲದ ಹಣೆಬರಹ ನಾವೇ ಬರ್ಕೊಳ್ಳೋದು ನಮ್ಮ ಹಕ್ಕು" ಎಂದು ಗೌಡರು ಶುರುಮಾಡಿದರು. "ಆದ್ರೆ ನಾವು ಅಂದ್ರೆ ಯಾರು?"

ಅವರ ಕಣ್ಣು ಅಂಗಳದ ಅಂಚಿನಲ್ಲಿ ಕೂತಿದ್ದ, ತೋಟದ ಲೈನ್‌ಮನೆಗಳಲ್ಲಿ ತಂಗುವ ಆಳುಗಳ ಮೇಲಿತ್ತು. ಬಯಲುಸೀಮೆಯ ಜನ. ಮಳೆ ನಿಂತ ಮೇಲೆ ಬಂದು, ಮುಂದಿನ ಮಳೆ ಹಿಡಿಯುವ ಮೊದಲು ಊರಿಗೆ ಹೋಗುವವರು. ಗೇಟಿನ ಬಿಸಿ ಅವರಿಗೂ ತಟ್ಟಿದ್ದರಿಂದ ಎಲ್ಲರೂ ಕಳಸದ ಕಡೆಯವರೇ.

ಮೂಡಿಗೆರೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಯಶವಂತ, ಪವಿತ್ರಾಳ ಸೋದರಮಾವನ ಮಗ, ಎದ್ದು ನಿಂತ. "ಎಲ್ಲಿ ಗಡಿ ತಕರಾರಿದ್ರೂ ಜಗಳ ಶುರುವಾಗೋದು ಇಲ್ಲೇ, ಗೌಡ್ರೇ. ಜನ ತೀರ್ಮಾನ ಮಾಡ್ಲಿ ಅಂತಾರೆ. ಜನ ಯಾರು ಅನ್ನೋದನ್ನ ಮಾತ್ರ ಬಲ ಇದ್ದವ್ರು ತೀರ್ಮಾನ ಮಾಡ್ತಾರೆ. ದುಡಿಯೋರು ಜನ ಅಲ್ವಾ?"

"ಇಲ್ಲಿ ಮಳೆಗಾಲ ಕಳೀದೇ ಇರೋವ್ರು ಇಲ್ಲಿಯವ್ರಲ್ಲ" ಎಂದರು ಗೌಡರು. " ಹೋದ ಮಳೆಗಾಲ ಯಾರ ಮನೆ ಒಲೆ ಇಲ್ಲಿ ಉರೀತೋ ಅವ್ರು ಕೈ ಎತ್ಲಿ."

ಮಲೆನಾಡಿನವರಿಗೆ ಮಳೆಯ ಜಂಬ ಒಂದಿದೆಯಲ್ಲ, ಅದಕ್ಕೆ ಸರಿಯಾಗಿ ಗಾಳ ಬಿತ್ತು. ಜಗಲಿ ತುಂಬ ತಲೆಗಳು ಆಡಿದವು. ಪವಿತ್ರಾಳಿಗೆ ಮಾತ್ರ ದಾರಿ ಹೊಳೆಯಿತು. ಮಳೆ ಹಿಡಿಯುತ್ತಲೇ ಬಂಗಲೆಗೆ ಬೀಗ ಜಡಿದು ಚಿಕ್ಕಮಗಳೂರಿನ ಮನೆ ಸೇರುವವರು ಇದೇ ಗೌಡರು. ಆಗ ತೋಟ ಕಾಯುವವನು ಲೆಕ್ಕ ಬರೆಯುವ ರೈಟರ್. ಎಷ್ಟು ವರ್ಷದ ರೂಢಿಯೆಂದರೆ, ರೈಟರ್ ನೆನೆದ ಮಳೆಯಲ್ಲೆಲ್ಲ ತಾವೇ ನೆನೆದಂತೆ ಗೌಡರಿಗೆ ಅನಿಸುತ್ತಿತ್ತು.

"ಒಪ್ಬೇಡ ಪವಿ" ಎಂದು ಯಶವಂತ ಪಿಸುಗುಟ್ಟಿದ. "ಲೈನಿನವ್ರನ್ನ ಬಿಟ್ರೆ ನಾವು ಸೋಲ್ತೀವಿ."

"ಸುಮ್ನಿರು ಮಾರಾಯ. ಮೊದ್ಲು ಗೌಡ್ರು ಬೀಳ್ಲಿ."

ಅವಳು ಎದ್ದು, "ಗೌಡ್ರು ಹೇಳಿದ್ದು ಸರಿ. ಅದೇ ನಿಯಮ ಇರ್ಲಿ" ಎಂದಳು. ಎಲ್ಲರೂ ಒಪ್ಪಿದರು. ಗುಮಾಸ್ತರು ಬರೆದುಕೊಂಡು ಗಟ್ಟಿಯಾಗಿ ಓದಿದರು. ಅಲ್ಲಿಯವರೆಗೂ ಕಾದು ಅವಳು ಹೇಳಿದಳು: "ಹಂಗಾದ್ರೆ ಗೌಡ್ರೇ, ನೀವೂ ಎದ್ದು ಆಳುಗಳ ಜೊತೆ ಕೂತ್ಕೊಳ್ಳಿ. ಹೋದ ಮಳೆಗಾಲ ನಿಮ್ಮ ಒಲೆ ಉರಿದಿದ್ದು ಚಿಕ್ಕಮಗಳೂರಲ್ಲಿ."

ಯಾರೋ ಕಿಸಕ್ಕೆಂದರು. ಗೌಡರು ರೈಟರ್ ಕಡೆ ನೋಡಿದರೆ ಅವನು ನೆಲ ನೋಡುತ್ತಿದ್ದ. ಅವರ ಮುಖ ಕಪ್ಪಿಟ್ಟಿತು. ಎದ್ದು ಮೆಟ್ಟಿಲಿಳಿದು ಅಂಗಳದ ಅಂಚಿಗೆ ಹೋಗಿ ನಿಂತರು. ಪವಿತ್ರಾಳಿಗೆ ವರ್ಷದಿಂದ ಉರಿಯುತ್ತಿದ್ದ ಹೊಟ್ಟೆ ತಣ್ಣಗಾಯಿತು. ಇಂಥ ಸುಖ ಅವಳು ಕಂಡಿರಲಿಲ್ಲ.

ಆಮೇಲೆ ಕೈಗಳು ಎದ್ದವು. ರೈಟರ್, ಮೇಸ್ತ್ರಿ, ಅವರ ಮನೆಯವರು, ನೆಂಟರು, ಮಳೆಗಾಲವೆಲ್ಲ ಗೌಡರ ಕ್ವಾರ್ಟರ್ಸಿನಲ್ಲೇ ಒಲೆ ಹಚ್ಚಿದವರು, ಮೂಡಿಗೆರೆಗೆ ಕೈ ಎತ್ತಿದರು. ಕಳಸಕ್ಕೆ ಎದ್ದ ಕೈಗಳು ಸಾಲಲಿಲ್ಲ.

"ನಂಗೆ ಓಟಿಲ್ದಿದ್ರೂ ನಡೀತು ನೋಡಮ್ಮ" ಎಂದು ಗೌಡರು ನಿಂತಲ್ಲಿಂದಲೇ ನಕ್ಕರು.

ಅವರ ಪಕ್ಕದಿಂದ ಆಳು ಸಿದ್ದಮ್ಮ ಸೆರಗು ಕೊಡವಿ ಎದ್ದಳು. "ಅವತ್ತು ನಿಮ್ಮವ್ವನ್ನ ಕಂಬಳೀಲಿ ಹೊತ್ಕಂಡು ಗೇಟಿನ ತಂಕ ಓಡಿದ್ದು ನಾವು ಕಣವ್ವ. ಯಾವೂರೋರು ಅಂತ ಅವತ್ತು ನೀನು ಕೇಳ್ಲಿಲ್ಲ."

ಇನ್ನೊಮ್ಮೆ ಕೈ ಎತ್ತಿಸಿ, ಎಲ್ಲರನ್ನೂ ಸೇರಿಸಿ ಎಂದು ಕೇಳಲು ಪವಿತ್ರಾ ಗುಮಾಸ್ತರ ಬಳಿ ಓಡಿದಳು.

"ನಿಯಮಕ್ಕೆ ಮೊದ್ಲು ಒಪ್ಪಿದ್ದೇ ನೀವಲ್ವೇನಮ್ಮ" ಎಂದು ಅವರು ಪೆನ್ನು ಮುಚ್ಚಿದರು.