ಸೂಲಗಣ್ಣು

ಐಹೊಳೆಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಬಲೆ ಹೆಣೆಯುವ ಕಾಳವ್ವನಿಗೆ ಮಾತು ಶುರುವಾದರೆ ನಿಲ್ಲಿಸುವುದು ಗೊತ್ತಿಲ್ಲ. ಅದರಲ್ಲೂ ಇಳಕಲ್ಲಿನ ಕಾಲೇಜಿನ ಮಹೇಶ್ವರಿ ಮೇಡಂ ಹಳೇ ಮಾತು ಕೇಳಿಕೊಂಡು ಬಂದು ಎದುರಿಗೆ ಕೂತರೆ ಕೇಳಬೇಕೆ! ಚಹಾ ಆರಿ ತಣ್ಣಗಾಯಿತು.

“ಸೂಲಗಣ್ಣು ಅಂದ್ರ ಏನ್ರಿ ಯವ್ವಾ?” ಎಂದಳು ಮಹೇಶ್ವರಿ.

“ನಮ್ಮ ಮುತ್ತಜ್ಜಿಗೆ ಹೆರಿಗಿ ಭಾಳ ತ್ರಾಸ ಆಗಿತ್ತಂತ್ರಿ. ಮುತ್ಯಾ ಹೊಳಿಗೆ ಇಳದು, ‘ಗಂಗವ್ವಾ, ನನ್ನ ಹೇಣ್ತಿನ್ನ ಉಳಸು, ನಿನ್ನ ಬಸರಿ ಮೀನಕ್ಕ ನಾ ದಾರಿ ಬಿಡ್ತೇನಿ’ ಅಂದ. ಆಕಿ ಉಳದ್ಲು. ಅಂದಿನಿಂದ ಬಲಿಯೊಳಗ ಒಂದು ಕಣ್ಣು ಅಗಲ ಬಿಡ್ತೇವ್ರಿ, ಅದ ಸೂಲಗಣ್ಣು. ಸೂಲಿಗೆ ಬಂದ ಮೀನ ಅದರಾಗ ಪಾರಾಗಬೇಕು. ಆ ಕಣ್ಣ ಹೆಂಗಸರ ಹೆಣೀಬೇಕು. ಗಂಡಸರು ಅದಕ್ಕ ಕೈ ಹಚ್ಚಂಗಿಲ್ಲ.”

ಹೇಳುತ್ತ ಕಾಳವ್ವ ಬಾಗಿಲ ಕಡೆ ನೋಡಿದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಮಹಾನಂದಾ ದಿನ ತುಂಬಿ ಹೊಸ್ತಿಲ ಒಳಗೆ ಕೂತಿದ್ದಳು. ಆ ಕಣ್ಣು ತೆರೆದಿರುವವರೆಗೆ ಮಗಳಿಗೆ ಏನೂ ಆಗುವುದಿಲ್ಲವೆಂದು ತಾಯಿ ಗಟ್ಟಿಯಾಗಿ ನಂಬಿದ್ದಳು.

ತೋರಿಸೋಣವೆಂದು, ಒಣಗಲು ಹಾಕಿದ್ದ ಗಂಡ ಗುರಪ್ಪನ ಬಲೆಯನ್ನು ಎಳೆದು ಹರವಿದಳು. ಅಗಲ ಬಿಟ್ಟಿದ್ದ ಕಣ್ಣಿಗೆ ಅಡ್ಡಡ್ಡ ನೂಲು ಹೆಣೆದು ಮುಚ್ಚಿಬಿಟ್ಟಿದ್ದರು.

ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗುರಪ್ಪ ಎದ್ದು ನಿಂತ. “ನಾ ಕೈ ಹಚ್ಚಿಲ್ಲ, ನಿನ್ನಾಣಿ,” ಎಂದ. ಅವನನ್ನು ಯಾರೂ ಕೇಳಿರಲಿಲ್ಲ.

ಆ ಮಾತು ಖರೆಯೇ ಆಗಿತ್ತು. ಬಲೆ ಹೆಣೆಯುವವಳಿಗೆ ಗಂಟು ನೋಡಿದರೆ ಯಾರ ಕೈ ಎಂಬುದು ಗೊತ್ತಾಗುತ್ತದೆ. ಎಡಗೈಯಿಂದ ಎಳೆದು ಬಿಗಿದ ಆ ಗಂಟು ಮಹಾನಂದಾಳದು. ಕಾಳವ್ವನೇ ಕೈ ಹಿಡಿದು ಕಲಿಸಿದ್ದು.

“ಅಪ್ಪ ಹೇಳಿದ, ಅವ್ವಾ,” ಎಂದಳು ಮಗಳು ತಲೆ ತಗ್ಗಿಸಿ. “ದೊಡ್ಡ ಮೀನೆಲ್ಲಾ ಅದರಾಗ ಪಾರಾಗ್ತಾವ ಅಂದ. ನಿನಗ ಹೇಳಬ್ಯಾಡ ಅಂದ.”

ಮಗಳು ಬಂದಾಗಿನಿಂದ ಗುರಪ್ಪ “ಹುನಗುಂದ ಸಂತ್ಯಾಗ ತಂದೇನಿ” ಎಂದು ತತ್ತಿ ತುಂಬಿದ ಮೀನು ತಂದುಕೊಡುತ್ತಿದ್ದ. ಬಸುರಿಯ ಬಯಕೆಯೆಂದು ಕಾಳವ್ವ ಖಾರ ಅರೆದು, ಸಾರು ಮಾಡಿ, ಅಕ್ಕರೆಯಿಂದ ಬಡಿಸಿದ್ದಳು. ಅದು ಈ ಬಲೆಯದೇ ಮೀನೆಂದು ಗೊತ್ತಿದ್ದೂ ಅಪ್ಪ, ಮಗಳು ಇಬ್ಬರೂ ತುಟಿ ಪಿಟ್ಟೆನ್ನದೆ ಉಂಡಿದ್ದರು. ನನ್ನ ಮನೆಯಲ್ಲೇ ನಾನು ಹುಚ್ಚಿ ಆದೆನಲ್ಲ ಎಂದುಕೊಂಡಳು.

ಮಹೇಶ್ವರಿ ಮೆಲ್ಲಗೆ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದಳು.

ಕಾಳವ್ವ ಕುಡುಗೋಲು ತಂದು ಆ ನೂಲನ್ನು ಕೊಯ್ದಳು. “ಹೊರಗಿನವರು ಮಾಡಿದ್ರ ಹೊಳಿಗೆ ಹೋಗಿ, ಗಂಗವ್ವನ ಮುಂದ ಹೆಸರ ಹಿಡದು ಶಾಪ ಹಾಕತಿದ್ನಿ,” ಎಂದಳು, ಮಗಳ ಹೊಟ್ಟೆಯನ್ನೇ ನೋಡುತ್ತ. “ಈಗ ನಾ ಯಾರ ಹೆಸರ ಹೇಳ್ಲಿ?”