ಕುಣಿಯದ ಕರಡಿ

ಟೈಲರಮ್ಮ ಮುಖ ಊದಿಸಿಕೊಂಡು ಮನೆಗೆ ಬಂದು, ಬನ್ನಿನ ಪೊಟ್ಟಣವನ್ನು ಹೊಲಿಗೆ ಮಿಷಿನ್ ಮೇಲೆ ಕುಕ್ಕಿದರು.

"ಏನಾಯ್ತು ಅತ್ತೆ?" ಎಂದಳು ಸೊಸೆ. ಅವಳು ನಗರದ ಹಳೇ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವಳು. ಅಲ್ಲಿ ಈಗ ಬೋನುಗಳನ್ನು ಕಿತ್ತು, ಗಿಡಮರ ಬೆಳೆಸಿ, ಕೊಳ ತೋಡಿ, ಪರಿಸರ ಉದ್ಯಾನ ಮಾಡಿದ್ದಾರೆ.

"ಹಾಳಾಗ್ಲಿ ನಿಮ್ಮ ಉದ್ಯಾನ! ಬನ್ನು ಹಾಕಬೇಡಿ ಅಂದ್ರು. ಸರಿ, ಮುಖನಾದ್ರೂ ನೋಡೋಣ ಅಂತ ನಿಂತೆ. ಗುಂಡ ತಿರುಗಿಯೂ ನೋಡ್ಲಿಲ್ಲ! ಮೊದ್ಲು ನನ್ನ ಕಂಡ್ರೆ ಹೇಗೆ ಕುಣೀತಿದ್ದ! ನಿನ್ನ ಮಾವ ಹೋದ್ಮೇಲೆ ನನ್ನ ದಾರಿ ಕಾಯೋ ಜೀವ ಅದೊಂದೇ ಇತ್ತು ಕಣೇ."

ಗುಂಡ ಎಂದರೆ ಕರಡಿ. ಕಂಬಿಯ ಹಿಂದೆ ಅದು ಎಡಕ್ಕೂ ಬಲಕ್ಕೂ ತೂಗಾಡುತ್ತಿದ್ದರೆ ಟೈಲರಮ್ಮನಿಗೆ ಎಲ್ಲಿಲ್ಲದ ಸಂಭ್ರಮ.

ಸೊಸೆ ಅತ್ತೆಯ ಹತ್ತಿರ ಬಂದಳು. ಮೆಲ್ಲಗೆ ಹೇಳಿದಳು. "ಅದು ಕುಣಿತ ಅಲ್ಲ ಅತ್ತೆ. ಯಾರೂ ಇಲ್ದಾಗ್ಲೂ ಹಾಗೇ ತೂಗ್ತಿದ್ದ. ಇಕ್ಕಟ್ಟಲ್ಲಿ ಕೂಡಿಹಾಕಿದ್ರೆ ಪ್ರಾಣಿಗಳಿಗೆ ಹಾಗಾಗುತ್ತೆ. ಬನ್ನು ತಿಂದು ತಿಂದು ಹಲ್ಲೂ ಹುಳುಕಾಗಿತ್ತು."

"ಸುಮ್ನೆ ಏನೇನೋ ಹೇಳಬೇಡ," ಎಂದು ಟೈಲರಮ್ಮ ರೇಗಿದರು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಗಂಡ ತೀರಿಕೊಂಡಾಗ ತಾವೂ ಈ ಕೋಣೆಯ ಮೂಲೆಯಲ್ಲಿ ಕೂತು ದಿನವಿಡೀ ಹೀಗೇ ತೂಗಾಡುತ್ತಿದ್ದುದು ನೆನಪಾಯಿತು. ಅದನ್ನು ಯಾರೂ ಕುಣಿತ ಎಂದಿರಲಿಲ್ಲ.

"ಅಯ್ಯೋ ಪಾಪಿ ನಾನು! ಚಪ್ಪಾಳೆ ಬೇರೆ ತಟ್ತಿದ್ದೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಿಮಗೆ ಗೊತ್ತಿರ್ಲಿಲ್ಲ ಅತ್ತೆ. ಪ್ರೀತಿಯಿಂದಲೇ ತಾನೆ ಹೋಗ್ತಿದ್ದಿದ್ದು? ಮುಂದಿನ ವಾರ ಬರಿಗೈಲಿ ಬನ್ನಿ, ತೋರಿಸ್ತೀನಿ."

ಮುಂದಿನ ಭಾನುವಾರ ಇಬ್ಬರೂ ಮರದ ಕೆಳಗಿನ ಬೆಂಚಿನಲ್ಲಿ ಕೂತರು. ಬಹಳ ಹೊತ್ತು ಏನೂ ಕಾಣಲಿಲ್ಲ. ಟೈಲರಮ್ಮ ಎದ್ದೇಬಿಡೋಣ ಎಂದುಕೊಳ್ಳುವಷ್ಟರಲ್ಲಿ ಪೊದೆ ಅಲುಗಿತು. ಗುಂಡ ಹೊರಬಂದು ಕೊಳೆತ ದಿಮ್ಮಿಯೊಂದನ್ನು ಉರುಳಿಸಿ, ಮೂತಿಗೆಲ್ಲ ಮಣ್ಣು ಮಾಡಿಕೊಂಡು ಹುಳು ಹುಡುಕತೊಡಗಿದ. ತೂಗಾಟವೇ ಇಲ್ಲ. ಟೈಲರಮ್ಮನ ಕಡೆಗೆ ನೋಡಲೂ ಇಲ್ಲ.

"ಗುಂಡಾ ಅಂತ ಕರೀಲಾ ಅತ್ತೆ?" ಎಂದು ಸೊಸೆ ಕೀಟಲೆ ಮಾಡಿದಳು.

"ಶ್! ಸುಮ್ನಿರೇ," ಟೈಲರಮ್ಮ ಅವಳ ಕೈ ಹಿಡಿದುಕೊಂಡರು. "ಅವನಿಗೆ ಕೆಲ್ಸ ಇದೆ."

ಬಂಧುಗಳೇ, ನೀವೂ ಮನೆಮಂದಿಯೊಂದಿಗೆ ಉದ್ಯಾನಕ್ಕೆ ಬನ್ನಿ. ಪ್ರಾಣಿಗಳಿಗೆ ತಿಂಡಿ ಹಾಕಬೇಡಿ, ಕೂಗಿ ಕರೆಯಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ. ಒಂದಿಷ್ಟು ಹೊತ್ತು ಸುಮ್ಮನೆ ಕೂತು ನೋಡಿ. ಯಾವ ಪ್ರಾಣಿಯೂ ಕಾಣದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅದಕ್ಕೂ ಈಗ ಅದರದೇ ಆದ ಕೆಲಸವಿದೆ.