ಮೂಲದಲ್ಲಿ ಇಲ್ಲದ ಪುಟಗಳು

ಸುಟ್ಟು ಬೂದಿಯಾಗಿರಬೇಕಿದ್ದ ಪುಸ್ತಕ ಪರದೆಯ ಮೇಲೆ ದಿವಿನಾಗಿ ಇತ್ತು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

ರಘೋತ್ತಮ ಮೈಕ್ರೋಫಿಲ್ಮ್ ಯಂತ್ರದ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಶೀರ್ಷಿಕೆಯನ್ನು ಮತ್ತೆ ಓದಿದ. ವೆಲ್‌ಬರ್ಷೈರ್ ಕೌಂಟಿ ಕೌನ್ಸಿಲ್, ರಸ್ತೆ ಸಮಿತಿ, ನಡಾವಳಿ, 1910. ಅನುಮಾನವೇ ಇಲ್ಲ. ಅವನೇ ಸುಟ್ಟ ಪುಸ್ತಕ.

ಬೆಂಕಿ ಇಟ್ಟದ್ದು 1966ರಲ್ಲಿ, ಮೈಸೂರಿನಲ್ಲಿ, ಪಿಎಚ್.ಡಿ. ಪ್ರಬಂಧದ ನೂರ ನಲವತ್ತಮೂರನೆಯ ಪುಟದಲ್ಲಿ. ಇಂಗ್ಲೆಂಡಿಗೆ ಹೋಗಲಾಗದೆ, ಅಚ್ಚಾದ ವರದಿಗಳನ್ನೇ ನೆಚ್ಚಿ ಬರೆದ ಪ್ರಬಂಧ. ಈ ಒಂದು ವರ್ಷದ ನಡಾವಳಿಗಾಗಿ ಕೌನ್ಸಿಲ್ಲಿಗೆ ಮೂರು ಕಾಗದ ಹಾಕಿದ್ದ. ಮೂರನೆಯದಕ್ಕೆ 'ಹುಡುಕಿದೆವು, ಸಿಗಲಿಲ್ಲ' ಎಂದು ಉತ್ತರ ಬಂತು. ಸಿಗಲಿಲ್ಲ ಎಂದು ಬರೆದರೆ ತನ್ನ ಸೋಮಾರಿತನದಂತೆ ಕಾಣುತ್ತದೆ. ಗೈಡು ಬೇರೆ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಬೆಂಕಿಯಲ್ಲಿ ನಾಶವಾಯಿತು ಎಂದು ಬರೆದ. ಅದಕ್ಕೊಂದು ಗಾಂಭೀರ್ಯವಿತ್ತು. ಅಡಿಟಿಪ್ಪಣಿ ಅರವತ್ತೆರಡು: ಖಾಸಗಿ ಪತ್ರವ್ಯವಹಾರ.

ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. ಸುಟ್ಟದ್ದು ಯಾರು, ಯಾಕೆ ಎಂಬ ಪ್ರಶ್ನೆ ಎದ್ದಿತು. ಜಮೀನುದಾರರು ತಮ್ಮತಮ್ಮೊಳಗಿನ ಜಗಳ ಮುಚ್ಚಿಡಲು ಸುಟ್ಟರು ಎಂಬ ಐದನೆಯ ಅಧ್ಯಾಯ ಹುಟ್ಟಿಕೊಂಡಿತು. ಹೆಸರು 'ಮೌನದ ರಾಜಕಾರಣ'. ಗೈಡು ಅದನ್ನು ಓದಿ ಬೆನ್ನು ತಟ್ಟಿದ್ದರು.

ಈಗ, ಇಪ್ಪತ್ತು ವರ್ಷದ ಮೇಲೆ, ಅಮೆರಿಕದ ಹೇವರ್ಡಿನ ಗೋದಾಮೊಂದರಲ್ಲಿ ಕೂತು ಆ ವರ್ಷದ ಮೂವತ್ತೊಂದು ಪುಟಗಳನ್ನು ಓದಿದ. ಜಮೀನುದಾರರ ಜಗಳ ಹುಡುಕಿದ. ಜಲ್ಲಿ ರಾಶಿ ಸಿಕ್ಕಿತು. ರೋಡ್ ರೋಲರ್ ಓಡಿಸುವವನಿಗೆ ಎರಡು ವಾರ ರಜೆ. ಒಂದು ಕುದುರೆಗೆ ಕಾಲುನೋವು. ಮುಂದಿನ ಸಭೆಯ ಹೊತ್ತಿಗೆ ಕುದುರೆ ಗುಣವಾಗಿತ್ತು. ಎಲ್ಲ ನಿರ್ಣಯಗಳೂ ಸರ್ವಾನುಮತದವು.

ನಗು ಬಂತು. ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ ಮತ್ತೊಮ್ಮೆ ಓದಿದ.

ಆ ಕೌಂಟಿ ಕೌನ್ಸಿಲ್ 1889ರಲ್ಲಿ ಹುಟ್ಟಿ, ಎಂಬತ್ತೈದು ವರ್ಷ ರಸ್ತೆ ರಿಪೇರಿ ಮಾಡಿಸಿ, 1974ರಲ್ಲಿ ಪಕ್ಕದ ಕೌಂಟಿಯೊಳಗೆ ಸೇರಿಹೋಗಿತ್ತು. ಅದರ ಕಾಗದಪತ್ರಗಳನ್ನು ಅಲ್ಲಿ ಫಿಲ್ಮು ಮಾಡಿ ಇಲ್ಲಿಗೆ ಕಳಿಸುತ್ತಿದ್ದರು. ಪುಟಗಳೆಲ್ಲ ಸ್ಪಷ್ಟವಾಗಿವೆಯೇ ಎಂದು ನೋಡಿ ಸಹಿ ಹಾಕುವುದು ರಘೋತ್ತಮನ ಕೆಲಸ. ಹೆಂಡತಿ ಪ್ರಭಾ ಡಾಕ್ಟರು. ಅವಳಿಗೆ ಇಲ್ಲಿ ಆಸ್ಪತ್ರೆ ಸಿಕ್ಕಿತೆಂದು ಅವನು ಮೈಸೂರಿನ ಲೆಕ್ಚರರ್ ಕೆಲಸ ಬಿಟ್ಟು ಬಂದು ಏಳು ವರ್ಷ. ಇದು ಮೂರನೆಯ ನೌಕರಿ. ದಿನಾ ಫಾಸ್ಟರ್ ಸಿಟಿಯ ಮನೆಯಿಂದ ಸೇತುವೆ ದಾಟಿ ಬರುತ್ತಾನೆ, ದಾಟಿ ಹೋಗುತ್ತಾನೆ.

ನೆಗೆಟಿವ್ ಫಿಲ್ಮು. ಪರದೆಯ ಮೇಲೆ ಕಾಗದ ಕಪ್ಪು, ಅಕ್ಷರ ಬಿಳಿ. ಕೆಲವು ಪುಟಗಳ ಅಂಚಿನಲ್ಲಿ, ಪುಸ್ತಕ ಒತ್ತಿ ಹಿಡಿದ ಯಾರೋ ಇಂಗ್ಲಿಷ್ ಹೆಂಗಸಿನ ಉದ್ದ ಉಗುರಿನ ಹೆಬ್ಬೆರಳೂ ಬಂದುಬಿಟ್ಟಿತ್ತು, ಇದ್ದಿಲಿನ ಹಾಗೆ ಕಪ್ಪಗೆ. ಹದಿನಾಲ್ಕು ರೀಲುಗಳಲ್ಲಿ ನಲವತ್ತೊಂದು ಸಲ. ಬೆರಳು ಅಕ್ಷರ ಮುಚ್ಚಿದರೆ ಫೇಲು, ಮುಚ್ಚದಿದ್ದರೆ ಪಾಸು, ಅದು ನಿಯಮ. ಇಡೀ ದಿನದಲ್ಲಿ ಅವನಿಗೆ ಸಲಿಗೆಯೆನಿಸುತ್ತಿದ್ದದ್ದು ಆ ಬೆರಳೊಂದರ ಜೊತೆ.

"ಹದಿನಾಲ್ಕು ಆಯ್ತಾ ಡಾಕ್ಟ್ರೇ?"

ಸೂಪರ್‌ವೈಸರ್ ಜಯರಾಜ್ ಬಾಗಿಲಲ್ಲಿ ನಿಂತಿದ್ದ. ಮಂಗಳೂರಿನವನು. ಗೋದಾಮಿನಲ್ಲಿ ರಘೋತ್ತಮನನ್ನು ಡಾಕ್ಟರು ಎಂದು ಕರೆಯುವವನು ಅವನೊಬ್ಬನೇ.

"ಸ್ವಲ್ಪ ಇದೆ."

"ಎಂತ, ಪ್ರಾಬ್ಲಮ್ಮಾ?"

"ಏನಿಲ್ಲ. ಇದರ ಒರಿಜಿನಲ್ ಪುಸ್ತಕ ಅಲ್ಲೇ ಇರುತ್ತಲ್ಲ?"

"ಎಲ್ಲಿ ಮಾರಾಯ್ರೆ. ಅಲ್ಲಿ ಜಾಗ ಇಲ್ಲಂತೆ. ಫಿಲ್ಮು ಆದದ್ದೆಲ್ಲ ರದ್ದಿಗೆ. ಇನ್ನು ಉಳಿದದ್ದು ನಿಮ್ಮ ಕೈಯಲ್ಲಿರುವುದು ಮಾತ್ರ. ಐದು ಗಂಟೆಗೆ ಕೊಡಿ ಆಯ್ತಾ? ಆ ಕಾಲೇಜಿನವರು ಎರಡು ಸಲ ಫೋನು ಮಾಡಿದ್ರು."

ಆ ಕಾಲೇಜಿನಲ್ಲೇ ಗುರುವಾರ ಮೂರು ಗಂಟೆಗೆ ರಘೋತ್ತಮನ ಇಂಟರ್‌ವ್ಯೂ ಇತ್ತು. ಇತಿಹಾಸದ ಲೆಕ್ಚರರ್, ಒಂದು ವರ್ಷದ ಮಟ್ಟಿಗೆ. ಅವನ ಪ್ರಬಂಧ ತರಿಸಿಕೊಂಡು ಓದಿದ ಅಲ್ಲಿನ ಪ್ರೊಫೆಸರಿಗೆ ಐದನೆಯ ಅಧ್ಯಾಯ ಬಹಳ ಹಿಡಿಸಿತ್ತು. ಎಷ್ಟೆಂದರೆ, ಲೈಬ್ರರಿಗೆ ಹೇಳಿ ಈ ರೀಲುಗಳ ಪ್ರತಿಯನ್ನೇ ತರಿಸುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಆ ಪ್ರಬಂಧಕ್ಕೆ ಸಿಕ್ಕ ಒಬ್ಬನೇ ಓದುಗ.

ಊಟದ ಹೊತ್ತಿಗೆ ಪ್ರಭಾಳಿಗೆ ಫೋನು ಮಾಡಿದ.

"ಆ ಪುಸ್ತಕ ಸಿಕ್ತು," ಎಂದ.

"ಯಾವ್ದು?"

"ಥೀಸಿಸ್‌ದು. ಸುಟ್ಟುಹೋಯ್ತು ಅಂತ ಬರ್ದಿದ್ನಲ್ಲ."

"ಒಳ್ಳೇದೇ ಆಯ್ತಲ್ರೀ. ಥರ್ಸ್‌ಡೇ ಅವ್ರಿಗೆ ಹೇಳಿ, ಇಂಪ್ರೆಸ್ ಆಗ್ತಾರೆ. ನೀಲಿ ಶರ್ಟು ಐರನ್ ಮಾಡಿಟ್ಟಿದೀನಿ."

"ಹೂಂ."

"ಇನ್ನೇನು?"

"ಏನಿಲ್ಲ."

ಪುಸ್ತಕದಲ್ಲಿ ಪುಟಗಳು ಕಳೆದುಹೋಗಿದ್ದರೆ ಅವುಗಳ ಜಾಗದಲ್ಲಿ ಒಂದು ಬಿಳಿ ಕಾರ್ಡಿನ ಚಿತ್ರ ತೆಗೆದು ಸೇರಿಸುವುದು ಪದ್ಧತಿ. ಕಾರ್ಡಿನ ಮೇಲೆ 'ಈ ಪುಟಗಳು ಮೂಲದಲ್ಲಿ ಇಲ್ಲ' ಎಂದು ಅಚ್ಚಾಗಿರುತ್ತದೆ. ಕ್ಯಾಮೆರಾ ಕೋಣೆಯವರು ಊಟಕ್ಕೆ ಹೋಗಿದ್ದರು. ಕಾರ್ಡು ಹಳೆಯದಾಗಿ ಸೊಟ್ಟಗಾಗಿತ್ತು, ನೆಟ್ಟಗೆ ಮಲಗುತ್ತಿರಲಿಲ್ಲ. ಒತ್ತಿ ಹಿಡಿದು ಚಿತ್ರ ತೆಗೆದ.

ಆ ಫಿಲ್ಮು ತೊಳೆದು ಒಣಗುವಷ್ಟರಲ್ಲಿ 1910ನ್ನು ರೀಲಿನಿಂದ ಕತ್ತರಿಸಿದ. ಒಂದೂವರೆ ಮೊಳ ಬಂತು. ಸುರುಳಿ ಸುತ್ತಿ ಖಾಲಿ ಟಿಫಿನ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಡಬ್ಬಿಯಲ್ಲಿ ಇನ್ನೂ ಚಿತ್ರಾನ್ನದ ವಾಸನೆಯಿತ್ತು. ಭಯವಾಗಲಿಲ್ಲ. ನಾಚಿಕೆಯಾಯಿತು, ಅದೂ ಆ ಕುದುರೆಯ ವಿಷಯಕ್ಕೆ. ಗುಣವಾಗಿದ್ದ ಕುದುರೆ ಅದು. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

ತುದಿಗಳ ನಡುವೆ ಕಾರ್ಡಿನ ಚಿತ್ರ ಸೇರಿಸಿ ಟೇಪು ಅಂಟಿಸಿದ. 1909, ಕಾರ್ಡು, 1911. ಕೊನೆಗೂ ಐದನೆಯ ಅಧ್ಯಾಯ ನಿಜವಾಯಿತು.

ಐದಕ್ಕೆ ಐದು ನಿಮಿಷವಿತ್ತು. ಸಹಿಗೆ ಮುಂಚೆ ಕೊನೆಯ ಸಲ ರೀಲು ಓಡಿಸಿದ. ಕಾರ್ಡು ಬಂದಾಗ ಕೈ ನಿಂತಿತು. ಅಂಚಿನಲ್ಲಿ ಒಂದು ಹೆಬ್ಬೆರಳಿತ್ತು. ಉಗುರು ಉದ್ದವಿರಲಿಲ್ಲ. ಬೆಳ್ಳಗಿತ್ತು.

ಯಾರದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ತನ್ನ ಹೆಬ್ಬೆರಳನ್ನು ಪರದೆಯ ಪಕ್ಕ ಹಿಡಿದು ನೋಡಿದ. ಚಿಕ್ಕಂದಿನ ಗಾಯದ ಗೆರೆ ಎರಡರಲ್ಲೂ ಒಂದೇ. ಬಣ್ಣ ಮಾತ್ರ ಬೇರೆ.

"ಆಯ್ತಾ ಡಾಕ್ಟ್ರೇ?" ಜಯರಾಜ್ ಕೈಚಾಚಿ ನಿಂತಿದ್ದ.

"ನೋಡ್ತಿದೀನಿ."

"ಬೆರಳು ಬಂದಿದೆಯಾ?"

"ಬಂದಿದೆ."

"ಅಕ್ಷರ ಮುಚ್ಚಿದೆಯಾ?"

ಒಂದಕ್ಷರವನ್ನೂ ಮುಚ್ಚಿರಲಿಲ್ಲ. ರಘೋತ್ತಮ ಪೆನ್ನಿನ ಕ್ಯಾಪು ತೆಗೆದು ಹಾಗೆಯೇ ಕೂತ. ಮೂಲದಲ್ಲಿ ಇಲ್ಲ ಎಂಬ ಸಾಲಿನ ಕೆಳಗೆ, ಸಹಿ ಹಾಕಲು ಬಾರದವರು ಒತ್ತುವ ಜಾಗದಲ್ಲಿ, ಆ ಬಿಳಿಯ ಹೆಬ್ಬೆಟ್ಟು ಸರಿಯಾಗಿ ಬಿದ್ದಿತ್ತು.